ಅಳಿಯಂದಿರು ಮಾಡಿದ ಹ್ಯಾಂಡ್‌ಬ್ರೇಕು

ಹ್ಯಾಂಡ್‌ಬ್ರೇಕು ಅಂದರೆ ಏನು ಮಹಾ? ಒಂದು ಹಿಡಿ, ಒಂದು ತಂತಿ, ಎರಡು ಗಾಲಿ. ಹಿಡಿ ಎಳೆದರೆ ತಂತಿ ಬಿಗಿಯಬೇಕು, ತಂತಿ ಬಿಗಿದರೆ ಗಾಲಿ ನಿಲ್ಲಬೇಕು. ನಿಲ್ಲಲಿಲ್ಲವೆಂದರೆ ಈ ಮೂರರಲ್ಲಿ ಯಾವುದೋ ಒಂದು ಕೆಟ್ಟಿದೆ ಎಂದೇ ಅರ್ಥ. ಬೀದರಿನ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತಿರುವ, ಘರ್ಷಣೆಯ ಪಾಠವನ್ನು ಪುಸ್ತಕ ತೆರೆಯದೆ ಮಾಡುವ ನನ್ನಂಥವನಿಗೆ ಇದು ಎರಡು ತಾಸಿನ ಕೆಲಸ. ಚಾ ಕುಡಿಯುವ ಸಮಯವನ್ನೂ ಸೇರಿಸಿ ಹೇಳುತ್ತಿದ್ದೇನೆ!

ಜೀಪು ನನ್ನದಲ್ಲ, ನನ್ನ ಮಾವ ಶರಣಪ್ಪನವರದು. ಔರಾದ್ ತಾಲ್ಲೂಕಿನ ಸಂತಪುರದಲ್ಲಿ ಅವರ ಮನೆ, ಚಿಂತಾಕಿ ಕಡೆ ಹೊಲ. ಈ ಎರಡರ ನಡುವೆ ಆ ಜೀಪು ಎಷ್ಟೋ ವರ್ಷಗಳಿಂದ ತೊಗರಿ ಮೂಟೆಯನ್ನೂ, ಬಾಣಂತಿಯರನ್ನೂ, ಎಮ್ಮೆಯ ಕರುವನ್ನೂ ಒಂದೇ ಶ್ರದ್ಧೆಯಿಂದ ಹೊತ್ತಿದೆ. ನನ್ನ ಹೆಂಡತಿ ಸುವರ್ಣಾ ಗಾಡಿ ಓಡಿಸಲು ಕಲಿತದ್ದು ಅದರಲ್ಲೇ. ನಮ್ಮಿಬ್ಬರನ್ನು ಮದುವೆಯ ದಿನ ಮೆರವಣಿಗೆ ಮಾಡಿಸಿದ್ದೂ ಅದರಲ್ಲೇ. ಆದರೆ ಹ್ಯಾಂಡ್‌ಬ್ರೇಕು ಮಾತ್ರ ನಮ್ಮ ಮದುವೆಗೆ ಮೊದಲೇ ಕೆಲಸ ಬಿಟ್ಟಿತ್ತು. ಅದರ ಜಾಗಕ್ಕೆ ಒಂದು ಕಲ್ಲು ನೇಮಕವಾಗಿತ್ತು.

ನಮ್ಮ ಬೀದರಿನ ಕೆಂಪು ಕಲ್ಲು ಅದು, ಒಬ್ಬರು ಎರಡು ಕೈಯಲ್ಲಿ ಎತ್ತಬಹುದಾದಷ್ಟು ದೊಡ್ಡದು. ಹಿಂದಿನ ಸೀಟಿನ ಕೆಳಗೆ ಅದರ ಕಾಯಂ ಜಾಗ. ಜೀಪು ನಿಂತ ಕೂಡಲೇ ಯಾರಾದರೂ ಒಬ್ಬರು ಕಲ್ಲೆತ್ತಿಕೊಂಡು ಕೆಳಗೆ ಜಿಗಿದು ಗಾಲಿಗೆ ಒತ್ತಿ ಇಡಬೇಕು. ಅಲ್ಲಿಯವರೆಗೆ ಮಾವ ಕಾಲುಬ್ರೇಕನ್ನು ಒತ್ತಿ ಹಿಡಿದಿರುತ್ತಾರೆ. ಮನೆಯವರೆಲ್ಲರೂ ಈ ಸೇವೆ ಮಾಡಿದ್ದಾರೆ, ನನ್ನ ಹೊರತು. ಅಳಿಯ ಕಲ್ಲು ಹೊರುವುದೇ? ಒಮ್ಮೆ ಜೀಪಿನಲ್ಲಿ ಮಾವ ಮತ್ತು ನಾನು ಇಬ್ಬರೇ ಇದ್ದೆವು. ನಾನು ಕಲ್ಲಿಗೆ ಕೈ ಹಾಕುವಷ್ಟರಲ್ಲಿ ಅವರು "ಅಯ್ಯಯ್ಯ, ಬ್ಯಾಡ್ರಿ ಅಳ್ಯಾರ!" ಎಂದು ಕೂಗಿಕೊಂಡರು. ದಾರಿಯಲ್ಲಿ ಯಾರಾದರೂ ಬರುವವರೆಗೆ ಕಾಲುಬ್ರೇಕು ಒತ್ತಿಕೊಂಡೇ ಕೂತರು. ನಾವಿಬ್ಬರೂ ಅರ್ಧ ತಾಸು ಮಳೆಯ ವಿಷಯ ಮಾತಾಡಿದೆವು.

ನಮ್ಮ ಕಡೆ ಅಳಿಯನ ಮರ್ಯಾದೆ ಅಂದರೆ ಅಂಥದ್ದು. ಒಂದು ಮನೆಯ ಅಳಿಯ ಇಡೀ ಊರಿಗೆ ಅಳಿಯ. ಅವನು ಕೇಳುವ ಮೊದಲೇ ನೀರು ಕೊಡಬೇಕು, ಸಾಕು ಅಂದ ಮೇಲೂ ರೊಟ್ಟಿ ಬಡಿಸಬೇಕು, ಅವನು ಏನು ಮಾತಾಡಿದರೂ ಹೌದು ಹೌದು ಅನ್ನಬೇಕು. ಈ ಕೊನೆಯ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ನಾನು ಇಟ್ಟುಕೊಂಡಿರಲಿಲ್ಲ.

ಕಾಲೇಜಿಗೆ ರಜೆ ಇತ್ತು. ನಾನು, ಸುವರ್ಣಾ ಸಂತಪುರಕ್ಕೆ ಹೋಗಿದ್ದೆವು. ಶನಿವಾರ ಊಟಕ್ಕೆ ಕೂತಾಗ ಸುವರ್ಣಾಳ ತಮ್ಮ ಮಲ್ಲಿಕಾರ್ಜುನ ವಿಷಯ ತೆಗೆದ.

"ಅಪ್ಪಾ, ಗುರುವಾರ ಭಾಲ್ಕಿ ಆರ್‌ಟಿಓದಾಗ ಜೀಪಿನ ಪಾಸಿಂಗ್ ಅದ. ಈ ಸಲದ ಸಾಹೇಬರು ಬಾಳ ಕಡಕ್ ಅಂತ. ಗಾಡಿ ಏರಿನ ಮ್ಯಾಲ ನಿಲ್ಲಸ್ತಾರ, ಹ್ಯಾಂಡ್‌ಬ್ರೇಕ್ ಎಳಿಸ್ತಾರ, ಕಾಲ್ ತೆಗೀ ಅಂತಾರ. ಹಿಂದಕ್ಕ ಸರೀತು ಅಂದ್ರ ಮುಗೀತು."

"ಕಲ್ಲ್ ಅದಲ್ಲ," ಎಂದರು ಮಾವ.

"ಸಾಹೇಬರ ಮುಂದ ಕಲ್ಲ್ ಹ್ಯಾಂಗ ಇಡೋದು ಅಪ್ಪಾ? ಫೇಲ್ ಆದ್ರ ಶುಕ್ರವಾರ ಬೀದರಿಂದ ಗುಜರಿಯವ ಬರ್ತಾನ. ನಾ ಹೇಳಿಟ್ಟೇನಿ. ಎಷ್ಟ್ ದಿನಾ ಅಂತ ಇಟ್ಕೋತೀರಿ?"

ಮಾವ ಅರ್ಧ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದು ಕೈ ತೊಳೆದರು. ಹೊರಗೆ ಹೋಗಿ ಜೀಪಿನ ಬಾನೆಟ್ಟಿನ ಮೇಲಿದ್ದ ಧೂಳನ್ನು ಹೆಗಲ ಮೇಲಿನ ವಸ್ತ್ರದಿಂದ ಒರೆಸತೊಡಗಿದರು. ಅವರು ರೊಟ್ಟಿ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ನಿಜವಾಗಿಯೂ ಕೆಡುಕೆನಿಸಿತು. ಹೊರಗೆ ಹೋಗಿ, ಎದೆಯುಬ್ಬಿಸಿ ಘೋಷಿಸಿದೆ.

"ಮಾವಾರ, ಫಿಕರ್ ಮಾಡಬ್ಯಾಡ್ರಿ. ಹ್ಯಾಂಡ್‌ಬ್ರೇಕ್ ನಾ ಮಾಡ್ತೇನಿ. ಎರಡು ತಾಸಿನ ಕೆಲಸ."

ಮಾವ ನನ್ನನ್ನು ನೋಡಿದರು. ಆ ನೋಟದಲ್ಲಿ ಕಂಡದ್ದು ಭರವಸೆ ಎಂದು ನಾನು ತಿಳಿದೆ. "ಮಾಡ್ರಿ ಅಳ್ಯಾರ," ಎಂದರು ನಿಧಾನವಾಗಿ.

ಸುವರ್ಣಾ ಬಾಗಿಲಲ್ಲಿ ನಿಂತಿದ್ದಳು. "ರೀ, ಈ ಜೀಪಿನ ಹ್ಯಾಂಡ್‌ಬ್ರೇಕು ಬ್ಯಾರೆ ಗಾಡಿ ಹಂಗ..."

"ಸುವರ್ಣಾ," ಎಂದೆ, ತರಗತಿಯ ಧ್ವನಿಯಲ್ಲಿ, "ಘರ್ಷಣೆ ಎಲ್ಲ ಗಾಡಿಗೂ ಒಂದೇ."

ಭಾನುವಾರ ಬೆಳಿಗ್ಗೆ ಮಾವನ ಹಳೆಯ ಲುಂಗಿ ಉಟ್ಟು, ಪಾನಾ, ಸುತ್ತಿಗೆ, ಜಾಕು ಹಿಡಿದು ಅಂಗಳಕ್ಕೆ ಇಳಿದೆ. ವೈಜ್ಞಾನಿಕವಾಗಿಯೇ ಆರಂಭಿಸಿದೆ. ಹಿಂದಿನ ಎಡಗಾಲಿಯನ್ನು ಜಾಕಿನಿಂದ ಎತ್ತಿದೆ. ಹ್ಯಾಂಡ್‌ಬ್ರೇಕಿನ ಹಿಡಿಯನ್ನು ಪೂರ್ತಿ ಎಳೆದೆ. ಕೈಯಿಂದ ಗಾಲಿ ತಿರುಗಿಸಿದೆ. ಆರಾಮಾಗಿ ತಿರುಗಿತು! ಅಂದರೆ ದೋಷ ಗಾಲಿಯಲ್ಲೇ ಇದೆ ಎಂದು ಸಾಬೀತಾಯಿತು. ಗಾಲಿ ಬಿಚ್ಚಿ, ಅದರೊಳಗಿನ ಬ್ರೇಕ್ ಡ್ರಮ್ಮಿಗೆ ಸುತ್ತಿಗೆಯಿಂದ ಹೊಡೆಯಲು ಶುರು ಮಾಡಿದೆ.

ಸುತ್ತಿಗೆಯ ಸದ್ದಿಗೆ ಜನ ಸೇರಿದರು. ಎದುರು ಮನೆಯವರು ಬಂದರು, ಬಾಜು ಮನೆಯವರು ಬಂದರು. ಊರಿನ ಟ್ರ್ಯಾಕ್ಟರು, ಪಂಪು, ಜೀಪುಗಳಿಗೆಲ್ಲ ನಲವತ್ತು ವರ್ಷ ಕೈಯಿಟ್ಟು ಈಗ ಕಣ್ಣು ಮಂಜಾಗಿದೆಯೆಂದು ಕೆಲಸ ಬಿಟ್ಟಿದ್ದ ಬಾಬುಮಿಯಾ ಮಿಸ್ತ್ರಿ ಕೂಡ ಬಂದು, ಬೇವಿನ ಮರದ ಕೆಳಗಿನ ಹೊರಸಿನ ಮೇಲೆ ಕೂತರು. ಅಂಥ ಅನುಭವಿ ಎದುರಿಗಿರುವಾಗ ಒಂದು ಮಾತು ಕೇಳಿಕೊಳ್ಳುವುದು ನನ್ನ ವಿನಯಕ್ಕೆ ಸೂಕ್ತವೆನಿಸಿತು.

"ಬಾಬುಮಿಯಾ, ಗಾಲಿ ಬಿಚ್ಚೇನಿ. ಬರೋಬ್ಬರ್ ಅದ ಅಲ್ಲ?"

ಬಾಬುಮಿಯಾ ಮಾವನ ಕಡೆ ನೋಡಿದರು. ಮಾವ ಆಕಾಶದ ಕಡೆ ನೋಡಿದರು.

"ತಪ್ಪೇನಿಲ್ರಿ ಸಾಬ್," ಎಂದರು ಬಾಬುಮಿಯಾ.

ನಲವತ್ತು ವರ್ಷದ ಮಿಸ್ತ್ರಿಯೇ ತಪ್ಪಿಲ್ಲವೆಂದ ಮೇಲೆ ಇನ್ನೇನು ಬೇಕು? ದುಪ್ಪಟ್ಟು ಹುರುಪಿನಿಂದ ಹೊಡೆದೆ. ಡ್ರಮ್ಮು ಕಳಚಿತು, ಅದರ ಜೊತೆ ನನ್ನ ಹೆಬ್ಬೆರಳಿನ ಉಗುರೂ ಕಳಚಿತು. ಅತ್ತೆ ಅರಿಶಿನ ತಂದು ಹಚ್ಚಿದರು. "ಎಷ್ಟ್ ಕಷ್ಟಾ ಪಡಲತ್ತಾರ ನಮ್ಮ ಅಳ್ಯಾರು," ಎಂದು ಎದುರು ಮನೆಯ ಅಜ್ಜಿ ಕಣ್ಣೊರೆಸಿಕೊಂಡಳು.

ಆಮೇಲೆ ಜೀಪಿನ ಕೆಳಗೆ ನುಗ್ಗಿದೆ, ತಂತಿಯನ್ನು ಹುಡುಕಲು. ಜೀಪಿನ ಹೊಟ್ಟೆಯ ಕೆಳಗೆ ನಟ್ಟನಡುವೆ, ಗೇರ್‌ಬಾಕ್ಸಿನ ಹಿಂದುಗಡೆ, ಎಣ್ಣೆ ಮತ್ತು ಮಣ್ಣು ದಪ್ಪಗೆ ಮೆತ್ತಿದ್ದ ಒಂದು ದುಂಡನೆಯ ಡಬ್ಬಿ ಇತ್ತು. ಒಳಗೆ ಹೋಗುವಾಗ ಅದಕ್ಕೆ ನನ್ನ ತಲೆ ಬಡಿಯಿತು. ಹೊರಗೆ ಬರುವಾಗಲೂ ಬಡಿಯಿತು. ಮೂರನೆಯ ಸಲ ಬಡಿದಾಗ ಆ ಡಬ್ಬಿಯನ್ನು ಅಲ್ಲಿಟ್ಟ ಪುಣ್ಯಾತ್ಮನನ್ನು ಶಪಿಸಿದೆ. ಆಮೇಲೆ ಅದನ್ನು ಕೈ ಒರೆಸಿಕೊಳ್ಳಲು ಬಳಸಿದೆ.

ಅಷ್ಟು ಹುಡುಕಿದರೂ ಹಿಂದಿನ ಗಾಲಿಗಳಿಗೆ ಹೋಗುವ ತಂತಿ ಸಿಗಲಿಲ್ಲ. ಎಡಗಡೆ ಇಲ್ಲ, ಬಲಗಡೆಯೂ ಇಲ್ಲ. ಆಗ ನನಗೆ ಜ್ಞಾನೋದಯವಾಯಿತು. ತಂತಿಯೇ ಇಲ್ಲದ ಮೇಲೆ ಬ್ರೇಕು ಹಿಡಿಯುವುದಾದರೂ ಹೇಗೆ!

ಹೊರಗೆ ಬಂದು ಎಲ್ಲರ ಮುಂದೆ ಸಾರಿದೆ. "ಸಿಕ್ತು! ತಂತೀನೇ ಇಲ್ಲ! ಇಷ್ಟ್ ವರ್ಷ ಯಾರೂ ನೋಡೇ ಇಲ್ಲ. ಇಲಿ ತಿಂದಾವೋ, ಯಾರರೇ ಬಿಚ್ಚಿಕೊಂಡು ಹೋಗ್ಯಾರೋ!"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ಸಂಶೋಧನೆಗೆ ಬೆರಗಾಗಿದ್ದಾರೆ ಎಂದುಕೊಂಡೆ. "ಇಲಿ ಬಾಳ ಆಗ್ಯಾವ್ರಿ ಸಾಬ್," ಎಂದರು ಬಾಬುಮಿಯಾ ಕೊನೆಗೆ.

"ರೀ, ತಂತಿ ಇರೋದು ಅಲ್ಲಿ..." ಎಂದು ಸುವರ್ಣಾ ಬಾಯಿ ತೆರೆದಳು. ಮಾವ ಕೆಮ್ಮಿದರು. ಅವಳು ಒಳಗೆ ಹೋದಳು.

ಸೋಮವಾರ ಔರಾದಿಗೆ ಹೋದೆ. ಬಸ್ ನಿಲ್ದಾಣದ ಹತ್ತಿರ ಗಾಡಿ ಸಾಮಾನಿನ ಅಂಗಡಿಯಲ್ಲಿ ಜೀಪಿನ ಹೆಸರು, ಕಾಲ, ಎಲ್ಲ ವಿವರಿಸಿ, ಹಿಂದಿನ ಗಾಲಿಗಳಿಗೆ ಹಾಕುವ ಹ್ಯಾಂಡ್‌ಬ್ರೇಕ್ ತಂತಿ ಬೇಕೆಂದೆ. ಅಂಗಡಿಯವನು ನಕ್ಕ.

"ಸರ್, ಆ ಜೀಪಿಗಿ ಹಿಂದಿನ ಗಾಲಿಗಿ... ಯಾರ್ ಹೇಳಿದ್ರಿ ನಿಮಗ? ಯಾವೂರ್ ತಮ್ದು?"

"ನನ್ನದು ಬೀದರ. ಗಾಡಿ ಸಂತಪುರದ ಶರಣಪ್ಪನವರದು. ನಾನು ಅವರ ಅಳಿಯ."

ಅವನ ನಗು ನಿಂತುಹೋಯಿತು. ಎದ್ದು ನಿಂತ. ಸ್ಟೂಲನ್ನು ಒರೆಸಿ ನನ್ನನ್ನು ಕೂಡಿಸಿದ, ಚಾ ತರಿಸಿದ. "ನಮ್ಮ ಅತ್ತಿ ಊರ್ ಸಂತಪುರನೇ ರೀ ಸರ್. ಎಷ್ಟುದ್ದ ಬೇಕ್ರಿ ತಂತಿ?" ಎಂದ. ಎಷ್ಟುದ್ದ ಕೇಳಿದರೂ ಕೊಡುವವನಂತಿದ್ದ. ಇಂಥ ಸಹಕಾರ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲೂ ನನಗೆ ಸಿಕ್ಕಿಲ್ಲ.

ಸೋಮವಾರ ಮಧ್ಯಾಹ್ನದಿಂದ ಮಂಗಳವಾರ ಮಧ್ಯಾಹ್ನದವರೆಗೆ ಆ ತಂತಿಯನ್ನು ಜೋಡಿಸಿದೆ. ಹಿಡಿಯ ಬುಡದಲ್ಲಿ ಮೊದಲೇ ಒಂದು ಹಳೆಯ, ಗಿಡ್ಡ ತಂತಿ ಇತ್ತು. ಅದು ನೇರವಾಗಿ ಆ ಎಣ್ಣೆಡಬ್ಬಿಯ ಕಡೆಗೆ ಹೋಗಿತ್ತು. ಯಾವುದೋ ಕಾಲದಲ್ಲಿ ಯಾರೋ ದಡ್ಡರು ಕಟ್ಟಿದ್ದಿರಬೇಕು ಎಂದುಕೊಂಡು ಅದನ್ನು ಬಿಚ್ಚಿ ಎಸೆದೆ. ಹೊಸ ತಂತಿಯನ್ನು ಹಿಂದಿನ ಎರಡೂ ಗಾಲಿಗಳವರೆಗೆ ಎಳೆದೆ. ಗಾಲಿಯ ಒಳಗೆ ಅದನ್ನು ಸಿಕ್ಕಿಸಲು ಜಾಗವೇ ಇರಲಿಲ್ಲ. ಜೀಪು ತಯಾರಿಸಿದವರು ಮರೆತಿರಬಹುದೆಂದು ಡ್ರಮ್ಮಿಗೆ ಒತ್ತುವ ಬ್ರೇಕ್ ಶೂಗೇ ಸುತ್ತಿ, ಗಂಟು ಹಾಕಿ ಬಿಗಿದೆ. ಈ ನಡುವೆ ಬಾಬುಮಿಯಾ ಏಳು ಸಲ "ತಪ್ಪೇನಿಲ್ರಿ" ಅಂದರು. ಏಳನೆಯ ಸಲ ಅವರ ಧ್ವನಿ ನಡುಗುತ್ತಿತ್ತು. ವಯಸ್ಸಾಗಿದೆ ಪಾಪ, ಎಂದುಕೊಂಡೆ.

ಮಂಗಳವಾರ ಇಳಿಹೊತ್ತಿಗೆ ಪರೀಕ್ಷೆ. ಮಾವನ ಅಂಗಳ ಮನೆಯ ಬಾಗಿಲಿನಿಂದ ಹಿಂದಕ್ಕೆ ಇಳಿಜಾರಾಗಿದೆ. ಇಳಿಜಾರಿನ ಕೊನೆಗೆ ಕಣಕಿಯ, ಅಂದರೆ ಜೋಳದ ಒಣದಂಟಿನ, ಬಣವಿ. ಜೀಪನ್ನು ಮನೆಯ ಕಡೆ ಮುಖ ಮಾಡಿ ನಿಲ್ಲಿಸಿದ್ದೆವು. ಅತ್ತೆ ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟರು, ಊದಿನಕಡ್ಡಿ ಹಚ್ಚಿದರು. ನಾನು ಹ್ಯಾಂಡ್‌ಬ್ರೇಕನ್ನು ಕಟಕಟನೆ ಎಳೆದು, ಜೀಪಿನಿಂದ ಇಳಿದು ನಿಂತೆ.

"ಕಲ್ಲ್ ತೆಗೀರಿ!" ಎಂದೆ.

ಯಾರೂ ಮುಂದೆ ಬರಲಿಲ್ಲ. ಕೊನೆಗೆ ಮಾವನೇ ಬಗ್ಗಿ ಕಲ್ಲನ್ನು ಸರಿಸಿದರು. ಎರಡು ಕೈಯಲ್ಲಿ ಹಿಡಿದುಕೊಂಡೇ ನಿಂತರು.

ಜೀಪು ನಿಂತಿತು! ನಾನು ಕೈ ಮೇಲೆತ್ತಿದೆ. ಭಾಷಣಕ್ಕೆ ಬಾಯಿ ತೆರೆದೆ. "ಘರ್ಷಣೆ ಅಂದರೆ..."

ಟಣ್ ಎಂದು ಸದ್ದಾಯಿತು.

ಹಿಂದಿನ ಎರಡು ನಿಂಬೆಹಣ್ಣು ಮೊದಲು ಹೋದವು. ಆಮೇಲೆ ಜೀಪು ಬಹಳ ಗಾಂಭೀರ್ಯದಿಂದ, ಯಾವ ಅವಸರವೂ ಇಲ್ಲದೆ, ಹಿಂದಕ್ಕೆ ಹೊರಟಿತು. ನಾನು ಓಡಿಹೋಗಿ ಒಳಗೆ ಹಾರಿ ಕಾಲುಬ್ರೇಕು ತುಳಿದೆ. ಕಾಲು ಪೂರ್ತಿ ಕೆಳಗೆ ಹೋಯಿತು. ಜೀಪು ನಿಲ್ಲಲಿಲ್ಲ! ನನ್ನ ತಂತಿ ಹರಿಯುವಾಗ ಶೂವನ್ನು ಕಿತ್ತು, ಗಾಲಿಯೊಳಗಿನ ಬ್ರೇಕ್ ಆಯಿಲನ್ನೆಲ್ಲ ಹೊರಗೆ ಹರಿಸಿಬಿಟ್ಟಿತ್ತು. ನಾನು ಮತ್ತು ಜೀಪು ಜೊತೆಯಾಗಿ ಹೋಗಿ ಬಣವಿಯೊಳಗೆ ಅರ್ಧ ಹೊಕ್ಕೆವು. ಕೆಟ್ಟ ಬ್ರೇಕನ್ನು ಸರಿಮಾಡಲು ಹೋಗಿದ್ದ ನಾನು ಸರಿಯಿದ್ದ ಬ್ರೇಕನ್ನೂ ಅದರ ಜೊತೆಗೆ ಸೇರಿಸಿದ್ದೆ.

ಕಣಕಿಯ ನಡುವಿನಿಂದ ಹೊರಬಂದೆ. ಯಾರೂ ನಗಲಿಲ್ಲ. ಒಬ್ಬರೂ ನಗಲಿಲ್ಲ! ನಕ್ಕಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ಗಾಳಿ ಜೋರ್ ಇತ್ತು ಅಳ್ಯಾರ," ಎಂದರು ಮಾವ, ಕಲ್ಲನ್ನು ಎದೆಗವಚಿಕೊಂಡು.

"ಹಾಂ ಸಾಬ್, ಗಾಳಿ ಬಾಳ ಇತ್ತು," ಎಂದರು ಬಾಬುಮಿಯಾ.

ಬೇವಿನ ಮರದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ, ಬಣವಿಯಿಂದ ಹೊರಗೆಳೆದು ನಿಲ್ಲಿಸಿದ್ದ ಜೀಪಿನ ಕೆಳಗೆ ಮತ್ತೆ ಮಲಗಿದ್ದೆ. ಕೆಲಸ ಮಾಡಲು ಅಲ್ಲ, ಯಾರ ಮುಖವನ್ನೂ ನೋಡುವುದು ಬೇಡವೆಂದು. ಮರುದಿನ ಭಾಲ್ಕಿ. ಅದರ ಮರುದಿನ ಗುಜರಿಯವನು. ಅಂಗಳದ ತುದಿಯಲ್ಲಿ ಮಲ್ಲಿಕಾರ್ಜುನ ಫೋನಿನಲ್ಲಿ "ಹೌದ್ರಿ, ಶುಕ್ರವಾರ ಬರ್ರಿ" ಎನ್ನುವುದು ಕೇಳಿಸಿತು. ಆಗ ಸುವರ್ಣಾ ಬಂದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸರ್ರನೆ ಜೀಪಿನ ಕೆಳಗೆ ಬಂದು ನನ್ನ ಪಕ್ಕದಲ್ಲಿ ಮಲಗಿದಳು. ಕೈಯೆತ್ತಿ, ಎಣ್ಣೆಡಬ್ಬಿಯನ್ನು ಬೆರಳಿನಿಂದ ಟಕಟಕ ಬಡಿದಳು.

"ಇದೇನು?"

"ಗೇರ್‌ಬಾಕ್ಸಿಂದು ಏನೋ ಇರಬೇಕು."

"ಇದೇ ಹ್ಯಾಂಡ್‌ಬ್ರೇಕ್."

ನಾನು ಅವಳ ಕಡೆ ಹೊರಳಿದೆ.

"ಈ ಹಳೀ ಜೀಪಿಗಿ ಹ್ಯಾಂಡ್‌ಬ್ರೇಕ್ ಗಾಲಿಗಿ ಇರಂಗಿಲ್ಲ. ಇಲ್ಲಿ ನಡುವ ಇರ್ತದ. ಈ ಶಾಫ್ಟ್ ಹಿಡೀತದ, ಶಾಫ್ಟ್ ನಿಂತ್ರ ಹಿಂದಿನ ಎರಡೂ ಗಾಲಿ ನಿಲ್ತಾವ. ಗೇರ್‌ಬಾಕ್ಸಿನ ಎಣ್ಣಿ ಸೋರಿ ಸೋರಿ ಇದರೊಳಗ ಇಳದದ, ಅದಕ್ಕ ಜಾರ್ತದ. ನೀವು ಬಿಚ್ಚಿ ಒಗೆದ್ರಲ್ಲ ಗಿಡ್ಡ ತಂತಿ, ಅದೇ ಇದರ ತಂತಿ. ಅದನ್ನ ತಗೊಂಡು ಅವ್ವ ಹಿತ್ತಲ ಗೇಟ್ ಕಟ್ಯಾಳ."

ನಾನು ನಾಲ್ಕು ದಿನದಿಂದ ತಲೆ ಹೊಡೆದುಕೊಂಡು, ಕೈ ಒರೆಸಿಕೊಂಡು, ಶಪಿಸಿದ್ದ ಡಬ್ಬಿಯನ್ನು ಮಲಗಿದಲ್ಲಿಂದಲೇ ನೋಡಿದೆ. ನನ್ನ ಹಣೆಯ ಗುರುತು ಅದರ ಮಣ್ಣಿನ ಮೇಲೆ ಸ್ಪಷ್ಟವಾಗಿ ಮೂಡಿತ್ತು.

"ಇದು ಯಾರ್ ಯಾರಿಗಿ ಗೊತ್ತಿತ್ತು?"

"ಊರಿಗೇ ಗೊತ್ತದ."

"ಬಾಬುಮಿಯಾಗ?"

"ಹೋದ ಮೂವತ್ತು ವರ್ಷದಿಂದ."

"ಔರಾದಿನ ಅಂಗಡಿಯವಗ?"

"ನೀವು ಅಲ್ಲಿಂದ ಹೊರಬೀಳೋದ್ರಾಗೇ ಅಪ್ಪಗ ಫೋನ್ ಬಂದಿತ್ತು. ಏನ್ ಕೊಡ್ಲಿ ಅಂತ ಕೇಳ್ದ. ಅಳ್ಯಾರು ಕೇಳಿದ್ದು ಕೊಡು ಅಂದ ಅಪ್ಪ."

"ಯಾಕ ಯಾರೂ ಹೇಳ್ಲಿಲ್ಲ ಸುವರ್ಣಾ?"

"ನೀವ್ ಅಳಿಯ! ಅಳಿಯಗ ಯಾರ್ ಹೇಳ್ತಾರ, ನಿಮಗ ಬರಂಗಿಲ್ಲ ಅಂತ? ನಾ ಎರಡ್ ಸಲ ಹೇಳಲಿಕ್ಕ ಬಂದೇನಿ, ಮೊದಲ್ನೇ ಸಲ ನೀವೇ ಪಾಠ ಹೇಳಿದ್ರಿ. ಎರಡ್ನೇ ಸಲ ಅಪ್ಪ ಒಳಗ ಕರದು ಹೇಳ್ದ. ಇಷ್ಟ್ ಮಂದ್ಯಾಗ ಅಳ್ಯಾರ್ ಮಾರಿ ಸಣ್ಣದ್ ಮಾಡಬ್ಯಾಡವ್ವಾ, ಜೀಪ್ ಹೋದ್ರ ಹೋಗ್ಲಿ, ಅಂದ. ಅಪ್ಪ ಜೀಪ್ ಬಿಡಾಂವಲ್ಲ. ನಿಮ್ಮ ಸಲುವಾಗಿ ಬಿಡಲಿಕ್ಕ ತಯಾರ್ ಆಗ್ಯಾನ."

ಆಗ ನನಗೆ ಆದಷ್ಟು ನಾಚಿಕೆ ಬಣವಿಯೊಳಗೆ ಹೊಕ್ಕಾಗಲೂ ಆಗಿರಲಿಲ್ಲ. ಊಟದಲ್ಲಿ ಅರ್ಧಕ್ಕೇ ರೊಟ್ಟಿ ಬಿಟ್ಟವರು ನನ್ನ ಮಾನ ಉಳಿಸಲು ತಮ್ಮ ಜೀಪನ್ನು ಗುಜರಿಗೆ ಕಳಿಸಲು ಒಪ್ಪಿಕೊಂಡಿದ್ದರು. ನಾನು ಅವರ ಅಂಗಳದಲ್ಲಿ ನಾಲ್ಕು ದಿನ ಭಾಷಣ ಮಾಡಿದ್ದೆ. ಎದ್ದು ಕೂರಲು ಹೋದೆ. ಡಬ್ಬಿ ನಾಲ್ಕನೆಯ ಸಲ ತಲೆಗೆ ಬಡಿಯಿತು.

ನೇರವಾಗಿ ಬಾಬುಮಿಯಾ ಹತ್ತಿರ ಹೋದೆ. "ಬಾಬುಮಿಯಾ, ನಾ ತಪ್ಪ್ ಮಾಡೇನಿ. ನೀವು ಸರಿ ಮಾಡಿಕೊಡ್ರಿ."

"ಛೇ ಛೇ, ತಪ್ಪೇನಿಲ್ರಿ ಸಾಬ್!"

"ಅಳಿಯ ಅಂತ ತಿಳೀಬ್ಯಾಡ್ರಿ ನನ್ನ. ನಾಕ್ ಮಾತ್ ಬೈರಿ."

"ತೋಬಾ ತೋಬಾ! ಶರಣಪ್ಪಗ ನಾ ಹ್ಯಾಂಗ ಮಾರಿ ತೋರಿಸ್ಲಿ?" ಎಂದು ಬಾಬುಮಿಯಾ ಎರಡೂ ಕಿವಿ ಹಿಡಿದುಕೊಂಡರು. ಅಳಿಯ ಮಾಡಿದ ಕೆಲಸವನ್ನು ಅವನ ಎದುರಿಗೇ ಬಿಚ್ಚುವುದೆಂದರೆ ಅವನನ್ನು ಎಲ್ಲರ ಮುಂದೆ ಬಯ್ದಂತೆಯೇ. ಬೇಡಿಕೊಂಡರೂ ಜಗ್ಗಲಿಲ್ಲ. ಬುಧವಾರದ ಅರ್ಧ ದಿನ ಕಳೆದೇ ಹೋಗಿತ್ತು.

ದಾರಿ ತೆಗೆದವಳು ಸುವರ್ಣಾ. ಅಳಿಯನನ್ನು ಬಯ್ಯಬಾರದು, ಸರಿ. ಆದರೆ ಅವಳು ಊರಿನ ಮಗಳು. ಅವಳನ್ನು ಬಯ್ಯಲು ಊರಿನ ಹಿರಿಯರಿಗೆಲ್ಲ ಹಕ್ಕಿದೆ. ಅವಳು ಅಂಗಳದ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದಳು: "ಬಾಬುಕಾಕಾ, ಈ ತಂತಿ ಗಿಂತಿ ಎಲ್ಲಾ ಕಟ್ಟಿದ್ದು ನಾ. ಇವರದೇನೂ ತಪ್ಪಿಲ್ಲ. ಜರಾ ಬಂದು ನೋಡ್ರಿ."

ಬಾಬುಮಿಯಾ ಅವಳನ್ನು ನೋಡಿದರು. ನನ್ನನ್ನು ನೋಡಿದರು. ಮಾವನನ್ನು ನೋಡಿದರು. ಮಾವ ತಲೆ ಸಣ್ಣಗೆ ಆಡಿಸಿದರು. ಅಷ್ಟೇ! ನಾಲ್ಕು ದಿನದಿಂದ ಮುಚ್ಚಿಕೊಂಡಿದ್ದ ಬಾಯಿ ತೆರೆಯಿತು.

"ಅಕಲ್ ಅದೇನ್ ನಿನಗ? ಹಾಂ? ಇಷ್ಟ್ ಓದಿ ಏನ್ ಬಂತು? ಇದು ಜೀಪಾ, ಬಟ್ಟಿ ಒಣಗಿಸೋ ಹಗ್ಗಾ? ಶೂಗಿ ಗಂಟ್ ಹಾಕ್ತಾರೇನ್ ಯಾರರೇ? ಇಲಿ ತಿಂದಾವ ಅಂತ! ಕಬ್ಬಿಣ ತಿನ್ನೋ ಇಲಿ ಯಾವ್ ಊರಾಗ ನೋಡಿದಿ ನೀನು?"

"ತಪ್ಪಾಯ್ತ್ರಿ ಕಾಕಾ," ಎಂದಳು ಸುವರ್ಣಾ, ನನ್ನ ಕಡೆಗೇ ನೋಡುತ್ತ.

"ನಾಕ್ ದಿನಾ! ನಾಕ್ ದಿನಾ ನಾ ಹೊರಸಿನ ಮ್ಯಾಲ ಕೂತು ನೋಡೇನಿ. ರಕ್ತ ಕುದೀತು ನಂದು! ಇಷ್ಟ್ ಬುದ್ಧಿಗೇಡಿ ಮನಷಾಳ್ನ ನನ್ನ ಜಿಂದಗಿಯಾಗ ನೋಡಿಲ್ಲ!"

ಅವರೊಬ್ಬರೇ ಅಲ್ಲ. ಎದುರು ಮನೆಯವರು, ಬಾಜು ಮನೆಯವರು, ನನ್ನ ಬೆರಳಿಗೆ ಕಣ್ಣೀರು ಹಾಕಿದ್ದ ಅಜ್ಜಿ, ಎಲ್ಲರೂ ಬಂದು ಸುವರ್ಣಾಳನ್ನು ಮನಸಾರೆ ಬಯ್ದರು. "ಮಾತಂದ್ರ ಬಾಳ, ಕೆಲಸ ಬರಂಗಿಲ್ಲ," ಎಂದಳು ಅಜ್ಜಿ. ಎಲ್ಲರ ಮುಖದಲ್ಲೂ ಹೊಟ್ಟೆ ತುಂಬಿದ ಸಮಾಧಾನ ಕಾಣುತ್ತಿತ್ತು. ನಾನು ಪಕ್ಕದಲ್ಲಿ ನಿಂತು ಒಂದೊಂದು ಮಾತಿಗೂ ನನಗೆ ತಲುಪಿತು ಎಂದು ಮನಸ್ಸಿನಲ್ಲೇ ರಸೀದಿ ಬರೆದೆ.

ಆಮೇಲೆ ಬಾಬುಮಿಯಾ ತೋಳು ಮಡಚಿ ಜೀಪಿನ ಕೆಳಗೆ ಇಳಿದರು. ಮಲ್ಲಿಕಾರ್ಜುನ ಬೈಕು ತೆಗೆದುಕೊಂಡು ಔರಾದಿಗೆ ಓಡಿ ಎಣ್ಣೆ ಸೋರುವುದನ್ನು ತಡೆಯುವ ಸೀಲು, ಕಾಲುಬ್ರೇಕಿನ ರಬ್ಬರು ತಂದ. "ಗೊತ್ತಾಯ್ತಾ ಅವರಿಗಿ?" ಎಂದು ಅಂಗಡಿಯವನು ಪಿಸುದನಿಯಲ್ಲಿ ಕೇಳಿದನಂತೆ. ಅತ್ತೆ ಹಿತ್ತಲ ಗೇಟಿನಿಂದ ಗಿಡ್ಡ ತಂತಿಯನ್ನು ಬಿಚ್ಚಿ ಕೊಟ್ಟರು. ಡಬ್ಬಿ ಬಿಚ್ಚಿ, ಸೀಲು ಬದಲಿಸಿ, ಒಳಗಿನ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು, ಬಿಸಿಲಿಗಿಟ್ಟು, ಮರಳು ಕಾಗದದಿಂದ ಉಜ್ಜಿ, ಮತ್ತೆ ಕೂರಿಸಿ, ನಟ್ಟು ಬಿಗಿ ಮಾಡಿದರು. ಕಾಲುಬ್ರೇಕಿನ ಗಾಳಿ ತೆಗೆಯುವಾಗ ಪೆಡಲ್ ಒತ್ತುವ ಕೆಲಸ ನನಗೆ ಕೊಟ್ಟರು. "ಒತ್ರಿ ಸಾಬ್. ಬಿಡ್ರಿ. ಒತ್ರಿ." ಆ ನಾಲ್ಕು ದಿನಗಳಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಹೊತ್ತು ಮುಳುಗುವ ಮೊದಲೇ ಎಲ್ಲ ಮುಗಿಯಿತು. ಒಟ್ಟು ಮೂರು ತಾಸು ಹಿಡಿದಿರಬಹುದು. ಅದರಲ್ಲಿ ಒಂದು ತಾಸು ನಾನು ಕಟ್ಟಿದ್ದನ್ನು ಬಿಚ್ಚಲು!

ಗುರುವಾರ ಭಾಲ್ಕಿ. ಜೀಪು 'ಪಾಸಿಂಗ್'ನ ಸಾಲಿನಲ್ಲಿ ನಿಂತಿತು. ಮಾವ ಓಡಿಸುತ್ತಿದ್ದರು, ನಾನು ಬಾಜುವಿಗೆ, ಸುವರ್ಣಾ, ಮಲ್ಲಿಕಾರ್ಜುನ ಹಿಂದೆ. ಬಾಬುಮಿಯಾ ಕೂಡ ಹೊಸ ಟೋಪಿ ಹಾಕಿಕೊಂಡು ಬಂದಿದ್ದರು. ನಮ್ಮ ಸರದಿ ಬಂದಾಗ ಸಾಹೇಬರು ನಮ್ಮನ್ನೆಲ್ಲ ಇಳಿಸಿ, ಮಾವನೊಬ್ಬರನ್ನೇ ಏರಿನ ಮೇಲೆ ಹತ್ತಿಸಿದರು.

"ಹ್ಯಾಂಡ್‌ಬ್ರೇಕ್ ಎಳೀರಿ. ಗೇರ್ ತೆಗೀರಿ. ಈಗ ಕಾಲ್ ಬಿಡ್ರಿ."

ಮಾವ ಕಾಲು ತೆಗೆದರು. ನಾನು ಕಣ್ಣು ಮುಚ್ಚಿಕೊಂಡೆ. ಸುವರ್ಣಾ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. ಟಣ್ ಸದ್ದು ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಜೀಪು ಇಟ್ಟಲ್ಲೇ ಇತ್ತು! ಮಾವ ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ನೇರ ಮುಂದೆ ನೋಡುತ್ತಿದ್ದರು. ಅವರ ಕಣ್ಣುಗಳು ಒದ್ದೆಯಾಗಿದ್ದವು. ನನ್ನವೂ.

"ಇಷ್ಟ್ ಹಳೀ ಗಾಡಿಗಿ ಹ್ಯಾಂಡ್‌ಬ್ರೇಕ್ ಇಷ್ಟ್ ಗಟ್ಟಿ ನಾ ನೋಡಿಲ್ಲ. ಯಾರ್ ಮಾಡ್ಯಾರ?" ಎಂದರು ಸಾಹೇಬರು, ಕಾಗದದ ಮೇಲೆ ಬರೆಯುತ್ತ.

ನಾನು ಬಾಬುಮಿಯಾ ಕಡೆ ಕೈ ತೋರಿಸುವ ಮೊದಲೇ ಮಾವ ಹೇಳಿಯಾಗಿತ್ತು. "ನಮ್ಮ ಅಳ್ಯಾರು ಮಾಡ್ಯಾರ್ರಿ. ಬೀದರದಾಗ ಲೆಕ್ಚರರ್ ಇದ್ದಾರ."

"ಹೌದ್ರಿ, ಸಾಬ್‌ನೇ ಮಾಡ್ಯಾರ," ಎಂದರು ಬಾಬುಮಿಯಾ, ಮುಖದ ಒಂದು ಗೆರೆಯೂ ಅಲುಗದಂತೆ.

ಸಂತಪುರಕ್ಕೆ ವಾಪಸು ಬರುವಾಗ ಮಾವ ದಾರಿಯಲ್ಲಿ ಸಿಕ್ಕವರಿಗೆಲ್ಲ ಜೀಪು ನಿಲ್ಲಿಸಿ ಅದನ್ನೇ ಹೇಳಿದರು. ಕೇಳಿದವರೆಲ್ಲ "ಅಳ್ಯಾರು ಮಾಡ್ಯಾರಾ? ಛಲೋ ಆಯ್ತ್ರಿ" ಎಂದರು. ಜೀಪಿನ ಹಿಂದೆ ನಿಂತಿದ್ದವರು ಮಾತ್ರ ಮೆಲ್ಲಗೆ ಪಕ್ಕಕ್ಕೆ ಸರಿದು ನಿಂತರು.

ಮನೆ ಬಂತು. ಮಾವ ಜೀಪನ್ನು ಅಂಗಳದ ಇಳಿಜಾರಿನಲ್ಲಿ ಮನೆಗೆ ಮುಖ ಮಾಡಿ ನಿಲ್ಲಿಸಿದರು. ಹ್ಯಾಂಡ್‌ಬ್ರೇಕು ಎಳೆದರು. ಮಲ್ಲಿಕಾರ್ಜುನ ರೂಢಿಯಂತೆ ಸೀಟಿನ ಕೆಳಗಿನ ಕಲ್ಲಿಗೆ ಕೈ ಹಾಕಿದ.

"ನೀ ಬಿಡು," ಎಂದರು ಮಾವ. ಆಮೇಲೆ ನನ್ನ ಕಡೆ ತಿರುಗಿದರು. "ಅಳ್ಯಾರ, ಕಲ್ಲ್ ನೀವ್ ಇಡ್ರಿ."

ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ! ಸುವರ್ಣಾ ಮುಖ ಆ ಕಡೆ ತಿರುಗಿಸಿ ನಿಂತಳು. ಅತ್ತೆ ಬಾಗಿಲಲ್ಲೇ ನಿಂತು ಸೆರಗನ್ನು ಬಾಯಿಗೆ ಹಿಡಿದರು. ನಾನು ಇಷ್ಟು ವರ್ಷ ಈ ಮನೆಗೆ ಬರುವವನಾಗಿದ್ದೆ. ಇವತ್ತು ಈ ಮನೆಯವನಾದೆ.

ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ. ಜೀಪನ್ನು ಸುತ್ತಿ ಬಂದು ಹಿಂದಿನ ಗಾಲಿಯ ಹತ್ತಿರ ಬಗ್ಗಿದೆ. ಗಾಲಿಗೆ ಒತ್ತಿ, ಅಲುಗಾಡದಂತೆ ಕೂರಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಕೈ ಝಾಡಿಸಿಕೊಂಡು, ಆಗಲೇ ಇಳಿದು ಬೇವಿನ ಮರದ ಕೆಳಗೆ ಕೂತಿದ್ದ ಬಾಬುಮಿಯಾ ಕಡೆ ಹೆಮ್ಮೆಯಿಂದ ನೋಡಿದೆ.

ಬಾಬುಮಿಯಾ ಕಲ್ಲನ್ನು ನೋಡಿದರು. ಮಾವನನ್ನು ನೋಡಿದರು. ಮಾವ ಆಕಾಶ ನೋಡಿದರು.

"ತಪ್ಪೇನಿಲ್ರಿ ಸಾಬ್," ಎಂದರು ಬಾಬುಮಿಯಾ.

ನಾನು ಮರುಮಾತಾಡದೆ ಬಗ್ಗಿ, ಗಾಲಿಯ ಮುಂದಿಟ್ಟಿದ್ದ ಕಲ್ಲನ್ನು ಎತ್ತಿಕೊಂಡು ಹಿಂದೆ, ಇಳಿಜಾರಿನ ಕಡೆಗೆ ಇಟ್ಟೆ.